ದಯಾಮರಣದ ಸುದ್ದಿಯಲ್ಲಿ ಯಾರು ಕಾಣುತ್ತಾರೆ, ಯಾರು ಕಾಣುವುದಿಲ್ಲ

ಪ್ರಶ್ನೆ: ದಯಾಮರಣದ ಬಗ್ಗೆ ಕೆಲವು ವರ್ಷಗಳಿಂದ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಒಂದು ವರದಿ ಓದಿದರೆ ಇದಕ್ಕಿಂತ ದೊಡ್ಡ ಕರುಣೆ ಇಲ್ಲ ಅನ್ನಿಸುತ್ತದೆ. ಮಾರನೇ ದಿನ ಇನ್ನೊಂದು ಓದಿದರೆ ಬಡವರನ್ನು, ಅಂಗವಿಕಲರನ್ನು ಸಾಗಹಾಕುವ ಉಪಾಯ ಅನ್ನಿಸುತ್ತದೆ. ಎರಡೂ ಕಡೆ ಅಂಕಿಅಂಶ ಇರುತ್ತದೆ, ಎರಡೂ ಕಡೆ ಕಣ್ಣೀರೂ ಇರುತ್ತದೆ. ಮಾಧ್ಯಮಗಳು ಪಕ್ಷ ವಹಿಸುತ್ತಿವೆಯೇ? ನನ್ನಂಥ ಓದುಗ ಏನನ್ನು ನಂಬಬೇಕು? ತಪ್ಪು ಕಂಡಾಗ ಪತ್ರಿಕೆಗೆ ಬರೆದರೆ ಏನಾದರೂ ಉಪಯೋಗ ಇದೆಯೇ?

ಉತ್ತರ: ಪಕ್ಷ ವಹಿಸುವ ಪತ್ರಿಕೆಗಳು ಇವೆ. ಅವು ಅದನ್ನು ಮುಚ್ಚಿಡುವುದೂ ಇಲ್ಲ. ಬ್ರಿಟನ್ನಿನ ‘ಡೈಲಿ ಎಕ್ಸ್‌ಪ್ರೆಸ್’ 2022ರಲ್ಲಿ ಕಾನೂನು ಬದಲಾಗಲೇಬೇಕು ಎಂದು ಬಹಿರಂಗವಾಗಿ ಅಭಿಯಾನ ಶುರು ಮಾಡಿತು. ‘ದಿ ಎಕನಾಮಿಸ್ಟ್’ 2015ರಲ್ಲೇ ಮುಖಪುಟದಲ್ಲಿ ಸಾಯುವ ಹಕ್ಕಿನ ಪರ ನಿಂತಿತ್ತು. ಧಾರ್ಮಿಕ ಸಂಸ್ಥೆಗಳ ಪತ್ರಿಕೆಗಳು ಅಷ್ಟೇ ಬಹಿರಂಗವಾಗಿ ವಿರೋಧಿಸುತ್ತವೆ. ಇವುಗಳಿಂದ ನಿಮಗೆ ಜಾಸ್ತಿ ಅಪಾಯ ಇಲ್ಲ. ಯಾರ ಮಾತು ಅಂತ ಗೊತ್ತಿದ್ದರೆ ಎಷ್ಟು ನಂಬಬೇಕು ಅನ್ನುವುದೂ ಗೊತ್ತಿರುತ್ತದೆ.

ನನಗೆ ಚಿಂತೆ ಇರುವುದು ಯಾವ ಪಕ್ಷವನ್ನೂ ವಹಿಸದೆ, ಪ್ರಾಮಾಣಿಕವಾಗಿ ಬರೆದ ವರದಿಗಳ ಬಗ್ಗೆ. ಸುದ್ದಿಮನೆಯಲ್ಲಿ ಆರೋಗ್ಯದ ವರದಿಗಳನ್ನು ತಿದ್ದುತ್ತಾ ಬಹಳ ಕಾಲ ಕಳೆದವನು ನಾನು. ಒಂದು ವಿಷಯ ಸುದ್ದಿಯಾಗಬೇಕಾದರೆ ಅದಕ್ಕೊಬ್ಬ ಮನುಷ್ಯ ಬೇಕು, ಒಂದು ತಾರೀಖು ಬೇಕು, ಒಂದು ಜಗಳ ಬೇಕು. ಸಾವಿನ ವಿಷಯದಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ತೀರಾ ಅಪರೂಪದ ಪ್ರಕರಣಗಳಲ್ಲಿ. ಆ ಅಪರೂಪದ್ದನ್ನೇ ಮತ್ತೆ ಮತ್ತೆ ಓದಿ, ಎಲ್ಲ ಕಡೆ ಹೀಗೇ ನಡೆಯುತ್ತದೆ ಅನ್ನುವ ಭಾವನೆ ನಮ್ಮೊಳಗೆ ಕೂತುಬಿಡುತ್ತದೆ. ನಿಮ್ಮ ಗೊಂದಲದ ಬೇರು ಅಲ್ಲಿದೆ.

2014ರ ಅಕ್ಟೋಬರ್ ತಿಂಗಳನ್ನು ನೋಡಿ. ಬ್ರಿಟನಿ ಮೇನಾರ್ಡ್ ಎಂಬ 29 ವರ್ಷದ ಅಮೆರಿಕದ ಯುವತಿಗೆ ಮೆದುಳಿನ ಕ್ಯಾನ್ಸರ್. ಅವರಿದ್ದ ಕ್ಯಾಲಿಫೋರ್ನಿಯಾದಲ್ಲಿ ಆಗ ಸಾಯಲು ವೈದ್ಯರ ನೆರವು ಪಡೆಯುವ ಕಾನೂನು ಇರಲಿಲ್ಲ. ಹಾಗಾಗಿ ಕುಟುಂಬ ಸಮೇತ, ಅಂಥ ಕಾನೂನಿದ್ದ ಒರೆಗಾನ್ ರಾಜ್ಯಕ್ಕೆ ಮನೆ ಬದಲಿಸಿದರು. ಒಂದು ವಿಡಿಯೊ ಮಾಡಿ ತಮ್ಮ ನಿರ್ಧಾರ ಹೇಳಿಕೊಂಡರು. ತಾರೀಖನ್ನೂ ಹೇಳಿದರು. ‘ಪೀಪಲ್’ ಪತ್ರಿಕೆಯ ಮುಖಪುಟದಲ್ಲಿ ಬಂದರು. ಮುಂದೂಡಬಹುದೇನೋ ಎಂದಾಗ ಅದೂ ಸುದ್ದಿಯಾಯಿತು. ನವೆಂಬರ್ 1ರಂದು, ಮೊದಲು ಹೇಳಿದ್ದ ದಿನವೇ, ತೀರಿಕೊಂಡರು. ಮರುವರ್ಷ ಅಕ್ಟೋಬರ್ 5ರಂದು ಕ್ಯಾಲಿಫೋರ್ನಿಯಾದ ಗವರ್ನರ್ ಹೊಸ ಕಾನೂನಿಗೆ ಸಹಿ ಹಾಕಿದರು.

ಅವರ ಕಥೆಯಲ್ಲಿ ಸುಳ್ಳೇನೂ ಇರಲಿಲ್ಲ. ವರದಿಗಳಲ್ಲಿ ತಪ್ಪು ಹುಡುಕುವುದೂ ಕಷ್ಟ. ಆದರೆ ಒರೆಗಾನ್‌ನಲ್ಲಿ ಈ ಕಾನೂನನ್ನು ಬಳಸುವವರು ಯಾರು ಅಂತ ನೋಡಿದರೆ ಚಿತ್ರ ಬೇರೆಯೇ ಇದೆ. ಅಲ್ಲಿ 1994ರಲ್ಲೇ ಮತದಾರರು ಕಾನೂನನ್ನು ಒಪ್ಪಿದ್ದರು, 1997ರಲ್ಲಿ ಅದು ಜಾರಿಗೆ ಬಂತು. ಅಂದಿನಿಂದ ರಾಜ್ಯದ ಆರೋಗ್ಯ ಇಲಾಖೆ ವರ್ಷಕ್ಕೊಂದು ವರದಿ ಹೊರತರುತ್ತದೆ. ಅದನ್ನು ಯಾರು ಬೇಕಾದರೂ ಓದಬಹುದು. ಓದುವ ವರದಿಗಾರರು ಮಾತ್ರ ಕಡಿಮೆ. ಅದರ ಪ್ರಕಾರ ಕಾನೂನು ಬಳಸಿದವರಲ್ಲಿ ಬಹುಪಾಲು ಜನ 65 ದಾಟಿದವರು. 29ರ ಹರೆಯದವರು ಬೆರಳೆಣಿಕೆಯಷ್ಟು. 2023ರಲ್ಲಿ ಸಾಯಲು ಔಷಧಿ ಬರೆಸಿಕೊಂಡವರು 560 ಜನ. ಅದನ್ನು ತೆಗೆದುಕೊಂಡು ತೀರಿಕೊಂಡವರು 367, ಅದರಲ್ಲೂ ಕೆಲವರು ಹಿಂದಿನ ವರ್ಷ ಬರೆಸಿಕೊಂಡಿದ್ದವರು. ಅಂದರೆ ಔಷಧಿ ಬರೆಸಿಕೊಂಡು, ಕೊನೆಗೂ ಬಳಸದೆ ಕಾಯಿಲೆಯಿಂದಲೇ ಹೋದವರು ಪ್ರತಿ ವರ್ಷ ಇರುತ್ತಾರೆ. ಬೇಕಾದಾಗ ಇದೆಯಲ್ಲ ಅನ್ನುವ ಧೈರ್ಯವೇ ಅವರಿಗೆ ಸಾಕಾಯಿತೋ, ಮನಸ್ಸು ಬದಲಾಯಿತೋ, ಕೈಗೆತ್ತಿಕೊಳ್ಳುವ ಮೊದಲೇ ಪ್ರಜ್ಞೆ ತಪ್ಪಿತೋ? ಈ ಚರ್ಚೆಯಲ್ಲಿ ಇದಕ್ಕಿಂತ ಕುತೂಹಲದ ಪ್ರಶ್ನೆ ನನಗೆ ಕಂಡಿಲ್ಲ. ಅವರ ಬಗ್ಗೆ ಸುದ್ದಿ ಬರುವುದು ಮಾತ್ರ ಅಪರೂಪ, ಏಕೆಂದರೆ ಅವರ ಬದುಕಿನಲ್ಲಿ ತಲೆಬರಹ ಆಗುವಂಥದ್ದು ಏನೂ ನಡೆದಿಲ್ಲ.

ಇನ್ನೂ ಒಂದು ವಿಷಯ ಆ ವರದಿಯಲ್ಲಿದೆ. ಟಿವಿ ನೋಡಿದವರನ್ನು ಕೇಳಿದರೆ ಜನ ಇಂಥ ಸಾವನ್ನು ಬಯಸುವುದು ತಡೆಯಲಾಗದ ನೋವಿಗೆ ಎನ್ನುತ್ತಾರೆ. ಒರೆಗಾನ್‌ನ ವೈದ್ಯರು ತುಂಬಿಸಿಕೊಟ್ಟ ಕಾಗದಗಳಲ್ಲಿ ನೋವು ಅಥವಾ ನೋವಿನ ಭಯ ಪಟ್ಟಿಯ ಕೆಳಭಾಗದಲ್ಲಿದೆ. ಮೇಲಿರುವುದು ತನ್ನ ಬದುಕು ತನ್ನ ಕೈತಪ್ಪಿತು ಅನ್ನುವ ಸಂಕಟ, ಖುಷಿ ಕೊಡುತ್ತಿದ್ದ ಕೆಲಸಗಳನ್ನು ಮಾಡಲಾಗದ ಸಂಕಟ, ಘನತೆ ಹೋಯಿತು ಅನ್ನುವ ಸಂಕಟ. ಮನೆಯವರಿಗೆ ಭಾರವಾಗುತ್ತೇನೆ ಅನ್ನುವುದೂ ನೋವಿಗಿಂತ ಮೇಲೆ ಬರುತ್ತದೆ. ನೀವು ಈ ಕಾನೂನಿನ ಪರ ಇರಿ, ವಿರೋಧ ಇರಿ, ಇದನ್ನು ತಿಳಿದ ಮೇಲೆ ವಾದದ ದಿಕ್ಕೇ ಬದಲಾಗುತ್ತದೆ ಅಲ್ವಾ? ನೋವು ಮುಖ್ಯವಾಗಿದ್ದರೆ ಒಳ್ಳೆಯ ನೋವು ನಿವಾರಣೆ ಕೊಟ್ಟರೆ ಸಾಕು ಅನ್ನಬಹುದು. ಸ್ವಾತಂತ್ರ್ಯ ಮುಖ್ಯವಾಗಿದ್ದರೆ ಆ ಉತ್ತರ ಸಾಲುವುದಿಲ್ಲ. ಭಾರವಾಗುತ್ತೇನೆ ಅನ್ನುವುದು ಮುಖ್ಯವಾಗಿದ್ದರೆ, ಹಾಗನ್ನಿಸುವಂತೆ ಮಾಡಿದವರು ಯಾರು ಎಂದು ಕೇಳಬೇಕಾಗುತ್ತದೆ. ಕ್ಯಾಮೆರಾಗೆ ನೋವು ಸುಲಭ. ಮುಖ ಹಿಂಡಿದರೆ ಕಾಣುತ್ತದೆ. ಸ್ವಾತಂತ್ರ್ಯ ಹೋದದ್ದನ್ನು ತೋರಿಸುವುದು ಹೇಗೆ?

ಎದುರು ಕಡೆಯ ಮುಖಗಳನ್ನೂ ನೋಡೋಣ. ಕೆನಡಾದಲ್ಲಿ ವೈದ್ಯರ ನೆರವಿನ ಸಾವು 2016ರಿಂದ ಕಾನೂನುಬದ್ಧ. 2021ರಲ್ಲಿ ಕಾನೂನನ್ನು ಹಿಗ್ಗಿಸಿದರು. ಸಾವು ಹತ್ತಿರದಲ್ಲಿ ಇಲ್ಲದಿದ್ದರೂ, ವಾಸಿಯಾಗದ ಕಾಯಿಲೆ ಮತ್ತು ತಾಳಲಾಗದ ಸಂಕಟ ಇರುವವರು ಅರ್ಜಿ ಹಾಕಬಹುದು ಎಂದಾಯಿತು. ಆಮೇಲೆ ಬೇರೆ ಥರದ ಕಥೆಗಳು ಬರತೊಡಗಿದವು. ಕಾಯಿಲೆಗೆ ಹೊಂದುವ ಮನೆ ಸಿಗದವರು, ಸರ್ಕಾರದ ನೆರವಿನ ಹಣ ಸಾಲದವರು ಸಾವಿಗೆ ಅರ್ಜಿ ಹಾಕಿದ ಕಥೆಗಳು. 2022ರಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಸಹಾಯ ಕೇಳಿ ಬಂದ ಒಬ್ಬ ಮಾಜಿ ಸೈನಿಕರ ಮುಂದೆ, ಅವರು ಕೇಳದೆಯೇ, ಮಾಜಿ ಸೈನಿಕರ ಇಲಾಖೆಯ ನೌಕರರೊಬ್ಬರು ಈ ದಾರಿಯ ಮಾತೆತ್ತಿದ್ದರು. ಪತ್ರಕರ್ತರು ಅದನ್ನು ಹೊರಗೆ ತಂದರು, ಇಲಾಖೆ ಕ್ಷಮೆ ಕೇಳಿತು. ಒಳ್ಳೆಯ ಪತ್ರಿಕೋದ್ಯಮ ಅಂದರೆ ಇದೇ. ಕಾನೂನಿನ ಪರ ಇರುವವರು ಇಂಥ ವರದಿಗಳನ್ನು ‘ಭಯ ಹುಟ್ಟಿಸುವ ತಂತ್ರ’ ಅಂತ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಆ ಕಥೆಗಳನ್ನಷ್ಟೇ ಓದಿದವರು, ಕೆನಡಾದಲ್ಲಿ ಹೀಗೆ ಸಾಯುವವರೆಲ್ಲ ಬಡವರು, ದಿಕ್ಕಿಲ್ಲದವರು ಅಂದುಕೊಳ್ಳುತ್ತಾರೆ. 2023ರಲ್ಲಿ ಅಲ್ಲಿ 15,343 ಜನ ವೈದ್ಯರ ನೆರವಿನಿಂದ ಸತ್ತರು. ದೇಶದ ಒಟ್ಟು ಸಾವುಗಳಲ್ಲಿ ಅದು ಶೇ 4.7. ಅವರಲ್ಲಿ ಸಾವು ಹತ್ತಿರದಲ್ಲಿ ಇಲ್ಲದಿದ್ದವರು 622 ಮಂದಿ. ಉಳಿದವರು ಹೇಗೂ ಸಾವಿನ ಹಾದಿಯಲ್ಲಿದ್ದವರು, ಬಹಳಷ್ಟು ಜನ ಕ್ಯಾನ್ಸರ್ ರೋಗಿಗಳು. 622 ಸಣ್ಣ ಸಂಖ್ಯೆ ಅಂತ ಸುಮ್ಮನಾಗಲೂ ಆಗುವುದಿಲ್ಲ. ಅದರಲ್ಲಿ ಒಂದು ತಪ್ಪಾಗಿದ್ದರೂ ಅದನ್ನು ತಿದ್ದುವ ದಾರಿ ಇಲ್ಲ. ವರದಿಗಾರ 622ನ್ನೂ ಹೇಳಬೇಕು, 15,343ನ್ನೂ ಹೇಳಬೇಕು. ಸಾಮಾನ್ಯವಾಗಿ ಆಗುವುದೇನೆಂದರೆ, ಒಂದು ಪತ್ರಿಕೆ ಮೊದಲನೆಯದನ್ನು ಹಿಡಿಯುತ್ತದೆ, ಇನ್ನೊಂದು ಎರಡನೆಯದನ್ನು.

ಅಂಕಿ ಸುಳ್ಳು ಹೇಳದೆಯೂ ಹೇಗೆ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ನೆದರ್ಲ್ಯಾಂಡ್ಸ್ ಒಳ್ಳೆಯ ಉದಾಹರಣೆ. ಅಲ್ಲಿ 2002ರ ಏಪ್ರಿಲ್‌ನಿಂದ ಕಾನೂನಿದೆ. ಪರಿಶೀಲನಾ ಸಮಿತಿಗಳು ಪ್ರತಿ ವರ್ಷ ಲೆಕ್ಕ ಕೊಡುತ್ತವೆ. ಮಾನಸಿಕ ಕಾಯಿಲೆಯ ಕಾರಣಕ್ಕೆ ದಯಾಮರಣ ಪಡೆದವರು 2023ರಲ್ಲಿ 138, 2024ರಲ್ಲಿ 219. ಈಗ ಎರಡು ತಲೆಬರಹ ಬರೆಯೋಣ. ‘ಮಾನಸಿಕ ರೋಗಿಗಳ ದಯಾಮರಣ ಒಂದೇ ವರ್ಷದಲ್ಲಿ ಶೇ 59 ಏರಿಕೆ.’ ಇದು ನಿಜ. ‘ದಯಾಮರಣ ಪಡೆದವರಲ್ಲಿ ಮಾನಸಿಕ ರೋಗಿಗಳು ಶೇ 2 ಮಾತ್ರ.’ ಇದೂ ನಿಜ, ಏಕೆಂದರೆ 2024ರ ಒಟ್ಟು ಸಂಖ್ಯೆ 9,958. ಒಂದೇ ವರದಿ, ಒಂದೇ ಪುಟ. ಮೊದಲ ತಲೆಬರಹ ಓದಿದವರು ಬೆಚ್ಚಿಬೀಳುತ್ತಾರೆ, ಎರಡನೆಯದು ಓದಿದವರು ನಿರಾಳವಾಗುತ್ತಾರೆ. ಶೇಕಡಾವಾರು ಕಂಡ ಕೂಡಲೇ ‘ಯಾವುದರ ಶೇಕಡಾ?’ ಅಂತ ಕೇಳುವ ಅಭ್ಯಾಸ ಮಾಡಿಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಇದೇ ದೇಶದ ಇನ್ನೊಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸುದ್ದಿ ಹೇಗೆ ಕೆಡುತ್ತದೆ ಅನ್ನುವುದು ಅದರಲ್ಲಿ ಹಂತಹಂತವಾಗಿ ಕಾಣುತ್ತದೆ. 2019ರ ಜೂನ್ ಮೊದಲ ವಾರ. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ, ವರ್ಷಗಟ್ಟಲೆ ಖಿನ್ನತೆ ಮತ್ತು ಊಟ ಬಿಡುವ ಕಾಯಿಲೆಯಿಂದ ನರಳಿದ 17 ವರ್ಷದ ಡಚ್ ಹುಡುಗಿ ತೀರಿಕೊಂಡಳು. ಅವಳ ಬಗ್ಗೆ ಅಲ್ಲಿನ ಪ್ರಾದೇಶಿಕ ಪತ್ರಿಕೆ ಮೊದಲೇ ಬರೆದಿತ್ತು. ದಯಾಮರಣ ಕೊಡುವ ಕ್ಲಿನಿಕ್‌ಗೆ ಅವಳು ಹೋಗಿದ್ದಳು, ಅವರು ಇಲ್ಲ ಅಂದಿದ್ದರು, ಎನ್ನುವುದೂ ಅದರಲ್ಲಿತ್ತು. ಅವಳು ತೀರಿಕೊಂಡ ಸುದ್ದಿ ಇಂಗ್ಲಿಷ್‌ಗೆ ಬರುವ ಹೊತ್ತಿಗೆ ಆ ‘ಇಲ್ಲ’ ಎಲ್ಲೋ ಉದುರಿಹೋಯಿತು. ‘ಹದಿಹರೆಯದ ಹುಡುಗಿಗೆ ಕಾನೂನುಬದ್ಧ ದಯಾಮರಣ’ ಎಂಬ ಧಾಟಿಯಲ್ಲಿ ಬ್ರಿಟನ್, ಇಟಲಿ, ಅಮೆರಿಕ, ಆಸ್ಟ್ರೇಲಿಯಾಗಳ ಪತ್ರಿಕೆಗಳು ಬರೆದವು. ಜೂನ್ 5ರಂದು ಪೋಪ್ ಫ್ರಾನ್ಸಿಸ್, ದಯಾಮರಣ ಎಲ್ಲರ ಸೋಲು ಎಂಬರ್ಥದ ಟ್ವೀಟ್ ಮಾಡಿದರು. ಅವಳ ಹೆಸರು ಹೇಳಲಿಲ್ಲ, ಆದರೂ ಜನ ಎರಡನ್ನೂ ಜೋಡಿಸಿಕೊಂಡರು.

ನಡೆದದ್ದು ಬೇರೆ. ಅವಳು ಅನ್ನ ನೀರು ಬಿಟ್ಟಿದ್ದಳು. ಬಲವಂತವಾಗಿ ತಿನ್ನಿಸುವುದು ಬೇಡ ಎಂದು ತಂದೆ ತಾಯಿ, ವೈದ್ಯರು ನಿರ್ಧರಿಸಿದ್ದರು. ಇದು ದಯಾಮರಣ ಅಲ್ಲ ಎಂದು ಕ್ಲಿನಿಕ್ ಹೇಳಿಕೆ ಕೊಟ್ಟಿತು. ಡಚ್ ಭಾಷೆ ಗೊತ್ತಿದ್ದ ಒಬ್ಬ ಪತ್ರಕರ್ತೆ, ಮೂಲ ವರದಿಯನ್ನು ಓದಿ, ಅದನ್ನು ಬರೆದವರನ್ನೇ ವಿಚಾರಿಸಿ ತಪ್ಪನ್ನು ತೋರಿಸಿದರು. ಆಗ ತಿದ್ದುಪಡಿಗಳು ಬಂದವು. ಅಷ್ಟರಲ್ಲಿ ಸುದ್ದಿ ಹಲವು ದೇಶಗಳನ್ನು ಸುತ್ತಿ ಬಂದಿತ್ತು.

ಇದನ್ನು ಯಾರೋ ಬೇಕಂತಲೇ ಮಾಡಿದರು ಅಂತ ನಾನು ನಂಬುವುದಿಲ್ಲ. ಡೆಸ್ಕ್‌ನಲ್ಲಿ ಕೂತ ಉಪಸಂಪಾದಕನಿಗೆ ಆ ದೇಶ ಅಂದರೆ ದಯಾಮರಣ ಅಂತ ಮೊದಲೇ ತಲೆಯಲ್ಲಿತ್ತು. ಹುಡುಗಿ ಕ್ಲಿನಿಕ್‌ಗೆ ಹೋಗಿದ್ದು ನಿಜ, ಸತ್ತಿದ್ದು ನಿಜ. ನಡುವಿನ ಖಾಲಿ ಜಾಗವನ್ನು ತಲೆ ತಾನೇ ತುಂಬಿಕೊಂಡಿತು. ಒಂದು ಫೋನ್ ಕರೆ ಸಾಕಿತ್ತು. ಇಷ್ಟು ಆಘಾತದ ಸುದ್ದಿ ಬೇರೆಯವರಿಗಿಂತ ಐದು ನಿಮಿಷ ತಡವಾದರೆ ಏನು ಗತಿ ಅನ್ನುವ ಅವಸರದಲ್ಲಿ ಆ ಕರೆಯನ್ನು ಯಾರೂ ಮಾಡುವುದಿಲ್ಲ.

ಮೂಲ ಗೊಂದಲ ಇನ್ನೊಂದಿದೆ. ಮೂರು ಬೇರೆ ಬೇರೆ ಕೆಲಸಗಳನ್ನು ಸುದ್ದಿ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ವೆಂಟಿಲೇಟರ್, ಆಹಾರದ ನಳಿಕೆ ಮುಂತಾದವನ್ನು ತೆಗೆದು ಕಾಯಿಲೆಯನ್ನು ಅದರ ಪಾಡಿಗೆ ಬಿಡುವುದು ಒಂದು. ವೈದ್ಯರು ಔಷಧಿ ಬರೆದುಕೊಟ್ಟು, ರೋಗಿ ತಾನೇ ತೆಗೆದುಕೊಳ್ಳುವುದು ಇನ್ನೊಂದು. ವೈದ್ಯರೇ ಕೊಡುವುದು ಮತ್ತೊಂದು. ಒರೆಗಾನ್‌ನಲ್ಲಿ ಎರಡನೆಯದು ಮಾತ್ರ ಇದೆ. ಕೆನಡಾದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಮೂರನೆಯದು. ಭಾರತದ ಸುಪ್ರೀಂ ಕೋರ್ಟ್ 2011ರಲ್ಲಿ, ಮುಂಬೈನ ಆಸ್ಪತ್ರೆಯಲ್ಲಿ ದಶಕಗಳ ಕಾಲ ಪ್ರಜ್ಞೆಯಿಲ್ಲದೆ ಮಲಗಿದ್ದ ದಾದಿ ಅರುಣಾ ಶಾನಭಾಗ್ ಪ್ರಕರಣದಲ್ಲಿ, ಆಮೇಲೆ 2018ರ ಮಾರ್ಚ್ 9ರಂದು ಸಂವಿಧಾನ ಪೀಠದ ತೀರ್ಪಿನಲ್ಲಿ ಒಪ್ಪಿದ್ದು ಮೊದಲನೆಯದನ್ನು ಮಾತ್ರ. ಆದರೂ ‘ದಯಾಮರಣಕ್ಕೆ ಒಪ್ಪಿಗೆ’ ಅಂತ ಸುಮ್ನೆ ಬರೆದುಬಿಡುತ್ತಾರೆ. ತಲೆಬರಹದಲ್ಲಿ ಜಾಗ ಕಡಿಮೆ, ಒಪ್ಪುತ್ತೇನೆ. ಎರಡನೇ ಪ್ಯಾರಾದಲ್ಲಂತೂ ಜಾಗ ಇರುತ್ತದಲ್ಲ.

ಮೊದಲನೆಯ ಬಗೆಯಲ್ಲೂ ಟಿವಿ ಎಷ್ಟು ಕೆಲಸ ಮಾಡಬಲ್ಲದು ಅನ್ನುವುದಕ್ಕೆ 2005ರ ಟೆರಿ ಶೈವೊ ಪ್ರಕರಣ ಸಾಕ್ಷಿ. ಫ್ಲಾರಿಡಾದ ಆ ಮಹಿಳೆ 15 ವರ್ಷಗಳಿಂದ ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿದ್ದರು. ಗಂಡ ನಳಿಕೆ ತೆಗೆಯಲು ಕೇಳಿದ್ದರು, ತಂದೆ ತಾಯಿ ಬೇಡವೆಂದಿದ್ದರು. ತಂದೆ ತಾಯಿಯ ಕಡೆಯವರು ಗಂಟೆಗಟ್ಟಲೆ ತೆಗೆದ ವಿಡಿಯೊದಿಂದ ಕೆಲವು ತುಣುಕು ಟಿವಿಗೆ ಬಂದವು. ಒಂದರಲ್ಲಿ ಟೆರಿಯವರ ಕಣ್ಣು ಬಲೂನನ್ನು ಹಿಂಬಾಲಿಸುವಂತೆ ಕಾಣುತ್ತಿತ್ತು. ಅದು ಹಗಲು ರಾತ್ರಿ ಓಡಿತು. ಸ್ವತಃ ಹೃದಯ ತಜ್ಞರಾಗಿದ್ದ ಸೆನೆಟ್ ನಾಯಕ ಬಿಲ್ ಫ್ರಿಸ್ಟ್, ಆ ವಿಡಿಯೊ ನೋಡಿಯೇ ರೋಗನಿರ್ಣಯವನ್ನು ಪ್ರಶ್ನಿಸಿದರು. ಮಾರ್ಚ್ 31ರಂದು ಟೆರಿ ತೀರಿಕೊಂಡ ಮೇಲೆ ಮರಣೋತ್ತರ ಪರೀಕ್ಷೆ ನಡೆಯಿತು. ಮೆದುಳಿನ ತೂಕ ಇರಬೇಕಾದ್ದರ ಅರ್ಧದಷ್ಟೇ ಇತ್ತು. ದೃಷ್ಟಿಗೆ ಬೇಕಾದ ಭಾಗ ನಾಶವಾಗಿತ್ತು. ಬಲೂನನ್ನು ಅವರು ನೋಡಿರಲಾರರು. ಒಂದು ತುಣುಕಿನ ಹಿಂದೆ ಎಷ್ಟು ಗಂಟೆಯ ಟೇಪ್ ಇದೆ ಅನ್ನುವ ಪ್ರಶ್ನೆಯನ್ನು ಆ್ಯಂಕರ್‌ಗಳು ಕೇಳಬೇಕಿತ್ತು.

ಈಗ ಸುದ್ದಿಮನೆಯ ಒಳಗಿನ ಒಂದು ಇಬ್ಬಂದಿತನದ ಬಗ್ಗೆ. ಆತ್ಮಹತ್ಯೆಯ ವರದಿಗೆ ನಮಗೆ ಸ್ಪಷ್ಟ ನಿಯಮಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲೇ ಪತ್ರಕರ್ತರಿಗೆ ಕೈಪಿಡಿ ಕೊಟ್ಟಿತು, 2023ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿತು. ವಿಧಾನ ಹೇಳಬೇಡಿ, ಜಾಗ ಹೇಳಬೇಡಿ, ಅದನ್ನು ಪರಿಹಾರದಂತೆ ತೋರಿಸಬೇಡಿ, ಕೊನೆಯ ಪತ್ರ ಪ್ರಕಟಿಸಬೇಡಿ, ಸಹಾಯವಾಣಿಯ ನಂಬರ್ ಕೊಡಿ. ಇದೆಲ್ಲ ಯಾಕೆಂದರೆ ಅಂಥ ವರದಿ ಓದಿದ ಕೆಲವರು ಅದೇ ದಾರಿ ಹಿಡಿಯುವ ಅಪಾಯ ಇದೆ ಎಂದು ಸಂಶೋಧನೆಗಳು ತೋರಿಸಿವೆ. ದಯಾಮರಣದ ಸುದ್ದಿಗೆ ಬಂದ ಕೂಡಲೇ ಇವೆಲ್ಲವನ್ನೂ ಮರೆಯುತ್ತೇವೆ. ಜಾಗದ ಹೆಸರು, ಕೋಣೆಯ ವರ್ಣನೆ, ಕೊನೆಯ ಊಟ, ಕೊನೆಯ ಮಾತು, ಎಲ್ಲ ಬರುತ್ತದೆ. ಡೇವಿಡ್ ಗುಡಾಲ್ ಎಂಬ 104 ವರ್ಷದ ಆಸ್ಟ್ರೇಲಿಯಾದ ವಿಜ್ಞಾನಿ 2018ರ ಮೇ 10ರಂದು ಸ್ವಿಟ್ಜರ್ಲೆಂಡ್‌ನಲ್ಲಿ ತೀರಿಕೊಂಡರು. ಹಿಂದಿನ ದಿನ ಪತ್ರಿಕಾಗೋಷ್ಠಿ ಇತ್ತು. ಅವರು ಹಾಡಿನ ಸಾಲೊಂದನ್ನು ಗುನುಗಿದ್ದು ಜಗತ್ತಿನ ಟಿವಿಗಳಲ್ಲಿ ಬಂತು. ಅವರಿಗೆ ಸಾಯುವಂಥ ಕಾಯಿಲೆ ಇರಲಿಲ್ಲ ಅನ್ನುವ ಮುಖ್ಯ ಅಂಶ ಆ ಹಾಡಿನ ಹಿಂದೆ ಮರೆಯಾಯಿತು.

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್‌ನ ಕೊನೇ ವಾರದಲ್ಲಿರುವವರ ನಿರ್ಧಾರಕ್ಕೂ, ಸಂಕಟದ ಒಂದು ರಾತ್ರಿಯಲ್ಲಿ ಯಾರೋ ಮಾಡಿಕೊಳ್ಳುವ ಅನಾಹುತಕ್ಕೂ ಬಹಳ ವ್ಯತ್ಯಾಸ ಇದೆ. ಆದರೆ ಓದುವವರಲ್ಲಿ ಇಬ್ಬರೂ ಇರುತ್ತಾರೆ. ಮಂಕು ಕವಿದ ಮನಸ್ಸಿನ ಓದುಗನಿಗೆ ಪತ್ರಿಕೆ ಯಾವ ಉಪವಿಭಾಗದಲ್ಲಿ ಸುದ್ದಿ ಹಾಕಿದೆ ಅನ್ನುವುದು ಮುಖ್ಯವಲ್ಲ. ವಿವರವಾಗಿ ಬರೆಯಬಹುದು, ವಿಧಾನವನ್ನು ಬಿಡಬಹುದು. ಸಹಾಯವಾಣಿಯ ಒಂದು ಸಾಲು ಹಾಕುವುದರಿಂದ ಯಾರ ಹಕ್ಕೂ ಕಡಿಮೆಯಾಗುವುದಿಲ್ಲ.

ಸಾವನ್ನೇ ತೋರಿಸಬಹುದೇ ಎಂಬ ಪ್ರಶ್ನೆ ಹಳೆಯದು. 1998ರ ನವೆಂಬರ್ 22ರಂದು ಅಮೆರಿಕದ ಸಿಬಿಎಸ್ ವಾಹಿನಿಯ ‘60 ಮಿನಿಟ್ಸ್’ ಕಾರ್ಯಕ್ರಮ, ದಯಾಮರಣದ ಪರ ಹೋರಾಡುತ್ತಿದ್ದ ಡಾ. ಜ್ಯಾಕ್ ಕೆವೋರ್ಕಿಯನ್ ತಾವೇ ಚಿತ್ರಿಸಿ ಕೊಟ್ಟ ಟೇಪನ್ನು ಪ್ರಸಾರ ಮಾಡಿತು. ನರರೋಗದಿಂದ ಬಳಲುತ್ತಿದ್ದ 52 ವರ್ಷದ ವ್ಯಕ್ತಿಗೆ ಅವರೇ ಚುಚ್ಚುಮದ್ದು ಕೊಟ್ಟಿದ್ದರು. ಧೈರ್ಯ ಇದ್ದರೆ ಕೇಸ್ ಹಾಕಿ ಎಂದು ಸವಾಲನ್ನೂ ಹಾಕಿದರು. ಸರ್ಕಾರಿ ವಕೀಲರು ಹಾಕಿದರು. ಆ ಟೇಪೇ ಸಾಕ್ಷಿಯಾಯಿತು. 1999ರಲ್ಲಿ ಎರಡನೇ ದರ್ಜೆಯ ಕೊಲೆ ಎಂದು ತೀರ್ಪಾಗಿ, ಎಂಟು ವರ್ಷ ಜೈಲಿನಲ್ಲಿದ್ದು 2007ರಲ್ಲಿ ಹೊರಬಂದರು. 2011ರ ಜೂನ್ 13ರಂದು ಬಿಬಿಸಿ, ಅಲ್ಝೈಮರ್ ಇದ್ದ ಹೆಸರಾಂತ ಲೇಖಕರೊಬ್ಬರ ನಿರೂಪಣೆಯಲ್ಲಿ, ಸ್ವಿಟ್ಜರ್ಲೆಂಡ್‌ನಲ್ಲಿ ಒಬ್ಬರ ಸಾವನ್ನು ತೋರಿಸಿತು. ನೂರಾರು ದೂರು ಬಂದವು, ಮೆಚ್ಚುಗೆಯೂ ಬಂತು. ಇವೆರಡರ ನಡುವೆ ನನಗೆ ಕಾಣುವ ವ್ಯತ್ಯಾಸ ಇದು: ಮೊದಲನೆಯದರಲ್ಲಿ ಕ್ಯಾಮೆರಾ ಹಿಡಿದವನೇ ಕೆಲಸ ಮಾಡಿದವನು. ತನ್ನ ವಾದ ಗೆಲ್ಲಿಸಿಕೊಳ್ಳಲು ಒಬ್ಬ ರೋಗಿಯ ಕೊನೆಯ ನಿಮಿಷಗಳನ್ನು ಬಳಸಿಕೊಂಡ. ವಾಹಿನಿ ಅದಕ್ಕೆ ವೇದಿಕೆಯಾಯಿತು.

ಪತ್ರಕರ್ತ ಎಲ್ಲಿ ನಿಲ್ಲಬೇಕು ಅನ್ನುವುದು ಈಗಲೂ ಇತ್ಯರ್ಥ ಆಗಿಲ್ಲ. 2024ರ ಸೆಪ್ಟೆಂಬರ್ 23ರಂದು ಸ್ವಿಟ್ಜರ್ಲೆಂಡ್‌ನ ಶಾಫ್‌ಹೌಸನ್ ಪ್ರಾಂತ್ಯದ ಕಾಡಿನಲ್ಲಿ ಸಾಯಲೆಂದೇ ಮಾಡಿದ ‘ಸಾರ್ಕೊ’ ಎಂಬ ಯಂತ್ರದಲ್ಲಿ ಅಮೆರಿಕದ ಮಹಿಳೆಯೊಬ್ಬರು ತೀರಿಕೊಂಡರು. ಪೊಲೀಸರು ಕೆಲವರನ್ನು ಹಿಡಿದರು. ತಮ್ಮ ಫೋಟೊಗ್ರಾಫರ್ ಕೂಡ ಅವರಲ್ಲಿ ಒಬ್ಬರು ಎಂದು ಡಚ್ ಪತ್ರಿಕೆ ‘ದ ಫೋಕ್ಸ್‌ಕ್ರಾಂಟ್’ ಹೇಳಿತು. ಆ ಯಂತ್ರ ಬಳಕೆಗೆ ಬರುವ ಮೊದಲೇ ಅದರ ಬಗ್ಗೆ ವರ್ಷಗಟ್ಟಲೆ ಹೊಸ ಕಾರು ಬಿಡುಗಡೆಯ ಧಾಟಿಯಲ್ಲಿ ಬರೆದವರು ನಮ್ಮವರೇ. ಸ್ವಿಟ್ಜರ್ಲೆಂಡ್‌ನ ಸಂಘಟನೆಗಳ ನೆರವಿನಿಂದ ಪ್ರತಿ ವರ್ಷ ಸಾಯುವವರಲ್ಲಿ ಬಹುಪಾಲು ಅಲ್ಲಿಯದೇ ನಿವಾಸಿಗಳು, ವಯಸ್ಸಾದವರು. ಅವರ ಬಗ್ಗೆ ಹೊರದೇಶದ ಪತ್ರಿಕೆಗಳಲ್ಲಿ ಒಂದು ಸಾಲೂ ಬರುವುದಿಲ್ಲ.

ಸಮೀಕ್ಷೆಗಳ ಬಗ್ಗೆ ಒಂದೇ ಉದಾಹರಣೆ ಸಾಕು. ಬ್ರಿಟಿಷ್ ವೈದ್ಯರ ಸಂಘ 2020ರಲ್ಲಿ ತನ್ನ ಸದಸ್ಯರನ್ನು ಕೇಳಿತು. ಸುಮಾರು 29,000 ಜನ ಉತ್ತರಿಸಿದರು. ರೋಗಿ ತಾನೇ ತೆಗೆದುಕೊಳ್ಳುವ ಔಷಧಿ ಬರೆದುಕೊಡಲು ಕಾನೂನು ಬರಬೇಕೇ ಎಂದರೆ ಶೇ 50 ಹೌದು, ಶೇ 39 ಬೇಡ. ಸಂಘ ಅದನ್ನು ಬೆಂಬಲಿಸಬೇಕೇ ಎಂದರೆ ಶೇ 40 ಹೌದು, ಶೇ 33 ಬೇಡ. ನೀವೇ ಅದರಲ್ಲಿ ಪಾಲ್ಗೊಳ್ಳುತ್ತೀರಾ ಎಂದರೆ ಶೇ 36 ಹೌದು, ಶೇ 45 ಇಲ್ಲ. ‘ವೈದ್ಯರು ಪರ’ ಅಂತಲೂ ಬರೆಯಬಹುದು, ‘ವೈದ್ಯರು ಒಲ್ಲರು’ ಅಂತಲೂ ಬರೆಯಬಹುದು. ಮರುವರ್ಷ ಪ್ರತಿನಿಧಿಗಳ ಸಭೆಯಲ್ಲಿ ಶೇ 49–48ರ ಅಂತರದಲ್ಲಿ ಸಂಘ ತಟಸ್ಥ ನಿಲುವಿಗೆ ಬಂತು. ಯಾವ ವಿಭಾಗದ ವೈದ್ಯರು ಏನು ಹೇಳಿದರು ಅನ್ನುವುದು ಒಳಪುಟಗಳಲ್ಲಿದೆ. ಸಾಯುವವರ ಪಕ್ಕದಲ್ಲಿ ದಿನಾ ಕೂರುವ ಉಪಶಾಮಕ ಚಿಕಿತ್ಸೆಯ (ನೋವು, ಸಂಕಟ ತಗ್ಗಿಸುವ ಚಿಕಿತ್ಸೆ) ವೈದ್ಯರಲ್ಲಿ ವಿರೋಧ ಜಾಸ್ತಿ. ಇದು ನಿರ್ಣಾಯಕ ಅಂತ ಅಲ್ಲ, ಆದರೆ ಓದುಗರಿಗೆ ತಿಳಿಯಬೇಕಾದ ಸಂಗತಿ.

ಟಿವಿ ಚರ್ಚೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಬ್ಬರು ಪರ, ಒಬ್ಬರು ವಿರೋಧ, ನಡುವೆ ಆ್ಯಂಕರ್. ವಿರೋಧಕ್ಕೆ ಸಾಮಾನ್ಯವಾಗಿ ಒಬ್ಬ ಧರ್ಮಗುರುವನ್ನು ಕೂರಿಸುತ್ತಾರೆ. ವಿರೋಧಿಸುವವರೆಲ್ಲ ದೇವರ ಕಾರಣಕ್ಕೆ ವಿರೋಧಿಸುತ್ತಾರೆ ಅನ್ನಿಸುವುದು ಅದರಿಂದಲೇ. ಅಮೆರಿಕದಲ್ಲಿ 1996ರಲ್ಲಿ ಶುರುವಾದ ‘ನಾಟ್ ಡೆಡ್ ಯೆಟ್’ ಅಂಗವಿಕಲರದೇ ಸಂಘಟನೆ. ಅವರ ವಾದದಲ್ಲಿ ದೇವರಿಲ್ಲ, ನಮ್ಮ ಬದುಕು ಬದುಕಲು ಯೋಗ್ಯವಲ್ಲ ಎಂದು ನೀವು ಯಾಕೆ ಮೊದಲೇ ಅಂದುಕೊಂಡಿರಿ ಎಂಬ ಪ್ರಶ್ನೆ ಇದೆ. ಹಾಗೆಯೇ ಪರ ಇರುವ ಅಂಗವಿಕಲರೂ ಇದ್ದಾರೆ. ಇಬ್ಬರಿಗೂ ಸ್ಟುಡಿಯೊದಲ್ಲಿ ಕುರ್ಚಿ ಸಿಗುವುದು ಕಷ್ಟ. ದಾದಿಯರಂತೂ ಕಾಣುವುದೇ ಇಲ್ಲ.

ಸುದ್ದಿಗೆ ಒಂದು ತಾರೀಖು ಬೇಕು ಎಂದು ಮೊದಲೇ ಹೇಳಿದ್ದೆ. ಬ್ರಿಟನ್ನಿನ ಕೆಳಮನೆ 2024ರ ನವೆಂಬರ್ 29ರಂದು 330–275, ಮತ್ತೆ 2025ರ ಜೂನ್ 20ರಂದು 314–291 ಮತಗಳಿಂದ, ಸಾಯಲು ವೈದ್ಯರ ನೆರವು ಪಡೆಯಲು ಬಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆ ಎರಡು ದಿನ ಪುಟಗಟ್ಟಲೆ ಸುದ್ದಿ. ನಡುವಿನ ಏಳು ತಿಂಗಳಲ್ಲಿ ಸಮಿತಿ ಒಂದೊಂದು ಕಲಮನ್ನೂ ತಿರುವಿ ನೋಡಿತು. ಪ್ರತಿ ಪ್ರಕರಣವನ್ನು ಹೈಕೋರ್ಟ್ ನ್ಯಾಯಾಧೀಶರು ನೋಡಬೇಕು ಎಂದಿದ್ದ ಕಲಮು ಹೋಗಿ, ತಜ್ಞರ ಮಂಡಳಿ ಬಂತು. ಮಸೂದೆಯ ಬೆನ್ನೆಲುಬನ್ನೇ ಬದಲಿಸಿದ ತಿದ್ದುಪಡಿ ಅದು. ಅದಕ್ಕೆ ಸಿಕ್ಕ ಜಾಗ ಮತದಾನದ ದಿನದ ಅಳುವಿಗೆ, ಅಪ್ಪುಗೆಗೆ ಸಿಕ್ಕ ಜಾಗಕ್ಕಿಂತ ಕಡಿಮೆ. ಇನ್ನು ತಾರೀಖೇ ಇಲ್ಲದ ವಿಷಯವೊಂದಿದೆ. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 5.68 ಕೋಟಿ ಜನರಿಗೆ ಉಪಶಾಮಕ ಚಿಕಿತ್ಸೆ ಬೇಕು, ಅದು ಸಿಗುವುದು ಶೇ 14ರಷ್ಟು ಜನರಿಗೆ ಮಾತ್ರ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾರ್ಫಿನ್ ಸಿಗದೆ ನರಳಿ ಸಾಯುವವರು ಯಾವ ದಿನ ಸುದ್ದಿಯಾಗಬೇಕು? ಪ್ರತಿ ದಿನವೂ ನಡೆಯುವುದು ಯಾವ ದಿನವೂ ಸುದ್ದಿಯಲ್ಲ.

ಹಾಗಾದರೆ ನೀವು ಓದುವುದು ಹೇಗೆ? ವರದಿ ಕೈಗೆ ಬಂದಾಗ ಮೊದಲು ಯಾವ ದೇಶ, ಮೂರರಲ್ಲಿ ಯಾವ ಬಗೆ ಅಂತ ನೋಡಿ. ಅದು ಸ್ಪಷ್ಟವಾಗಿ ಇಲ್ಲದಿದ್ದರೆ ಬರೆದವರಿಗೇ ಗೊತ್ತಿಲ್ಲ ಅಂತ ಅರ್ಥ. ಒಬ್ಬರ ಕಥೆ ಇದ್ದರೆ ಓದಿ, ಮರುಗಿ, ಆಮೇಲೆ ಆ ದೇಶದ ವಾರ್ಷಿಕ ವರದಿಯಲ್ಲಿ ಇಂಥವರು ಎಷ್ಟು ಜನ ಅಂತ ನೋಡಿ. ಒರೆಗಾನ್, ಕೆನಡಾ, ನೆದರ್ಲ್ಯಾಂಡ್ಸ್ ಮೂರೂ ಕಡೆ ಅದು ಬಹಿರಂಗ. ಸಮೀಕ್ಷೆ ಇದ್ದರೆ ಪ್ರಶ್ನೆಯ ಪೂರ್ತಿ ವಾಕ್ಯ ಎಲ್ಲಿದೆ, ದುಡ್ಡು ಕೊಟ್ಟವರು ಯಾರು ಅಂತ ಹುಡುಕಿ. ಎರಡು ವಿರುದ್ಧ ವರದಿಗಳು ಒಟ್ಟಿಗೆ ಸಿಕ್ಕರೆ ಬಹಳಷ್ಟು ಸಲ ಎರಡೂ ನಿಜವಾಗಿರುತ್ತವೆ, ಬೇರೆ ಬೇರೆ ಜನರ ಬಗ್ಗೆ ಇರುತ್ತವೆ. ನಿಮಗೆ ಎರಡರಲ್ಲೂ ಸತ್ಯ ಕಂಡದ್ದು ನಿಮ್ಮ ದೌರ್ಬಲ್ಯ ಅಲ್ಲ.

ಪತ್ರಿಕೆಗೆ ಬರೆಯುವ ವಿಷಯ. ಖಂಡಿತ ಉಪಯೋಗ ಇದೆ, ಬರೆಯುವ ರೀತಿಯಲ್ಲಿ ಬರೆದರೆ. ‘ನಿಮ್ಮದು ಪಕ್ಷಪಾತ’ ಎಂದು ಬಂದ ಪತ್ರಗಳನ್ನು ಡೆಸ್ಕ್‌ನಲ್ಲಿ ಯಾರೂ ಎರಡನೇ ಸಲ ಓದುವುದಿಲ್ಲ. ಅಂಥವು ದಿನಾ ಬರುತ್ತವೆ. ‘ಇಂಥ ದಿನ, ಇಂಥ ಪುಟ, ಮೂರನೇ ಪ್ಯಾರಾದಲ್ಲಿ ಇಂಥ ದೇಶದಲ್ಲಿ ವೈದ್ಯರೇ ಔಷಧಿ ಕೊಡಬಹುದು ಎಂದಿದೆ. ಅಲ್ಲಿನ ಕಾನೂನಿನಲ್ಲಿ ಹಾಗಿಲ್ಲ, ರೋಗಿಯೇ ತೆಗೆದುಕೊಳ್ಳಬೇಕು’ ಎಂದು ಬಂದರೆ ಯಾರಾದರೂ ಎದ್ದು ಹೋಗಿ ಪರಿಶೀಲಿಸಲೇಬೇಕಾಗುತ್ತದೆ. ಓದುಗರ ಸಂಪಾದಕ ಎಂಬ ಹುದ್ದೆ ಇರುವ ಪತ್ರಿಕೆಯಾದರೆ ಅವರಿಗೇ ನೇರ ಬರೆಯಿರಿ. ವೆಬ್‌ಸೈಟ್‌ನ ವರದಿಯಾದರೆ ಅದೇ ದಿನ ಬರೆಯಿರಿ, ಮರುದಿನದ ಹೊತ್ತಿಗೆ ಹತ್ತು ಕಡೆ ನಕಲಾಗಿರುತ್ತದೆ. ಒಂದು ಪತ್ರದಲ್ಲಿ ಒಂದೇ ತಪ್ಪು ತೋರಿಸಿ. ಅಂಕಿಯನ್ನು ನೀವು ಎಲ್ಲಿ ನೋಡಿದಿರಿ ಅನ್ನುವುದನ್ನೂ ಹೇಳಿ. ನಿಮ್ಮ ಅಭಿಪ್ರಾಯ ಏನು ಅನ್ನುವುದನ್ನು ಆ ಪತ್ರದಲ್ಲಿ ಬರೆಯಬೇಡಿ, ಅದಕ್ಕೆ ವಾಚಕರ ವಾಣಿ ಬೇರೆ ಇದೆ.